ಬದುವಿನ ಬೂರುಗಕ್ಕೆ ಕೊಡಲಿ ಹಾಕುವ ಮುನ್ನ



ಬೂರುಗದ ಮರಕ್ಕೆ ನಮ್ಮ ಜನರ ಬಾಯಲ್ಲಿ ಹಿಂದಿನಿಂದಲೂ ಒಳ್ಳೆಯ ಹೆಸರಿಲ್ಲ. ಕೆಂಪು ಹೂವಿಗೆ ಮರುಳಾದ ಗಿಳಿಯೊಂದು ಕಾಯಿ ಹಣ್ಣಾಗಲೆಂದು ತಿಂಗಳುಗಟ್ಟಲೆ ಕಾದು ಕುಳಿತು, ಕೊನೆಗೆ ಕಾಯಿ ಬಿರಿದು ಅರಳೆ ಗಾಳಿಗೆ ಹಾರಿದ್ದನ್ನು ಕಂಡು ಬರಿಹೊಟ್ಟೆಯಲ್ಲಿ ಹೊರಟುಹೋದ ಕಥೆಯನ್ನು ಕೇಳದವರು ವಿರಳ. ಹಣ್ಣಿಲ್ಲ, ಬೇಸಿಗೆಯಲ್ಲಿ ನೆರಳಿಲ್ಲ, ಸೌದೆಗೆ ಬಾರದು, ಮೈಯೆಲ್ಲ ಮುಳ್ಳು. ಇಂತಹ ಮರ ಬದುವಿನ ಮೇಲೆ ಏಕಿರಬೇಕು ಎನ್ನುವವರಿಗೆ ಈ ಗಿಳಿಯ ಕಥೆಯೇ ಸಾಕ್ಷಿ. ಆದರೆ ಕಥೆಯನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ ನೋಡಿದರೆ ತಪ್ಪು ಮರದ್ದಲ್ಲ. ತಾನು ಕುಳಿತ ಮರ ಯಾವುದು, ಅದರ ಕಾಯಿಯ ಗುಣವೇನು ಎಂಬುದನ್ನು ಗಿಳಿ ತಿಳಿದುಕೊಂಡಿರಲಿಲ್ಲ, ಅಷ್ಟೆ. ಇಂದು ನಮ್ಮ ಅನೇಕ ಬೇಸಾಯಗಾರರ ಸ್ಥಿತಿಯೂ ಅದೇ ಆಗಿದೆ. ತಮ್ಮ ಜಮೀನಿನಲ್ಲಿ ನಿಂತಿರುವುದು ಯಾವ ಮರ ಎಂದು ಸರಿಯಾಗಿ ಗುರುತಿಸುವ ಮೊದಲೇ ಅದನ್ನು ಕಡಿಯುವ ಇಲ್ಲವೆ ಮಾರುವ ತೀರ್ಮಾನವಾಗಿಬಿಟ್ಟಿರುತ್ತದೆ. ಮೊದಲು ಗುರುತು, ಆಮೇಲೆ ಕೊಡಲಿಯ ಮಾತು ಎಂಬುದು ನನ್ನ ಅಭಿಪ್ರಾಯ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ರೈತರಿಗೆ ಈ ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಶುಂಠಿಗೆಂದು ಗುತ್ತಿಗೆ ಕೊಟ್ಟ ಹೊಲಗಳಲ್ಲಿ ಯಂತ್ರ ತಂದು ಬದು ಸಮ ಮಾಡುವಾಗ ಮೊದಲು ಹೋಗುವುದು ಬದುವಿನ ಮರಗಳೇ. ಅವುಗಳಲ್ಲಿ ಹೊಂಗೆ, ಬೇವು, ಹಲಸುಗಳನ್ನಾದರೂ ಒಬ್ಬರಲ್ಲ ಒಬ್ಬರು 'ಇರಲಿ ಬಿಡಿ' ಎನ್ನುತ್ತಾರೆ. ಬೂರುಗದ ಪರವಾಗಿ ಯಾರೂ ಬಾಯಿ ತೆರೆಯುವುದಿಲ್ಲ. ಅರಕಲಗೂಡು ಕಡೆಯ ಹೊಗೆಸೊಪ್ಪಿನ ಬ್ಯಾರನ್‌ಗಳಿಗೆ ಸೌದೆಯ ಕೊರತೆ ಬಿದ್ದ ವರ್ಷ ಈ ಮರವೂ ಒಲೆಗೆ ಹೋಗುತ್ತದೆ. ಇದಂತೂ ಶುದ್ಧ ನಷ್ಟ. ಬೂರುಗದ ಸೌದೆ ತೀರ ಹಗುರ, ಬೆಂಕಿ ಹಿಡಿದು ಭರ್ರನೆ ಉರಿದು ಮುಗಿಯುತ್ತದೆ. ಹದವಾದ ಶಾಖವನ್ನು ದಿನಗಟ್ಟಲೆ ಕಾಯ್ದುಕೊಳ್ಳಬೇಕಾದ ಬ್ಯಾರನ್ನಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಇನ್ನು ಹಾಸಿಗೆ ದಿಂಬುಗಳಿಗೆ ಸ್ಪಂಜು ಬಂದ ಮೇಲೆ ಬೂರುಗದ ಅರಳೆ ಕೇಳುವವರೂ ಕಡಿಮೆಯಾದರು. ಹೀಗಾಗಿ ಪ್ಲೈವುಡ್ಡಿಗೆ ಮರ ಕೊಳ್ಳುವವರು ಬಂದು ಕಣ್ಣಂದಾಜಿನಲ್ಲಿ ಒಂದು ಮೊತ್ತ ಹೇಳಿದರೆ, ಹೋದರೆ ಹೋಗಲಿ ಎಂದು ಒಪ್ಪಿಬಿಡುವುದು ರೂಢಿಯಾಗಿದೆ.

ಈಗ ಗುರುತಿನ ವಿಚಾರಕ್ಕೆ ಬರೋಣ. ಮರವನ್ನು ಗುರುತಿಸಲು ಹೂವು ಕಾಯಿಗಳಿಗಾಗಿ ಕಾಯಬೇಕಾಗಿಲ್ಲ, ಎಲೆಯೊಂದು ಸಾಕು. ಬೂರುಗದ ಎಲೆಯನ್ನು ಸಸ್ಯಶಾಸ್ತ್ರದಲ್ಲಿ ಹಸ್ತಾಕಾರದ ಸಂಯುಕ್ತ ಎಲೆ ಎನ್ನುತ್ತಾರೆ. ಹೆಸರು ದೊಡ್ಡದಾದರೂ ವಿಷಯ ಸರಳ. ನಿಮ್ಮ ಅಂಗೈಯನ್ನು ಬೆರಳು ಬಿಡಿಸಿ ಹಿಡಿಯಿರಿ. ಮುಂಗೈ ಎಲೆಯ ತೊಟ್ಟು ಎಂದುಕೊಂಡರೆ ಒಂದೇ ಬಿಂದುವಿನಿಂದ ಹೊರಟ ಬೆರಳುಗಳೇ ಕಿರುಎಲೆಗಳು. ಬೂರುಗದಲ್ಲಿ ಇವು ಸಾಮಾನ್ಯವಾಗಿ 5ರಿಂದ 7 ಇರುತ್ತವೆ. ಪ್ರತಿಯೊಂದು ಕಿರುಎಲೆ 10ರಿಂದ 20 ಸೆಂ.ಮೀ. ಉದ್ದ. ಅಂಚು ನುಣುಪು, ಗರಗಸದ ಹಲ್ಲುಗಳಿಲ್ಲ. ತುದಿ ಚೂಪಾಗಿ ಎಳೆದಂತಿರುತ್ತದೆ. ಕಿರುಎಲೆಗೆ ತನ್ನದೇ ಆದ ಚಿಕ್ಕ ತೊಟ್ಟು ಇದ್ದು, ಎಲ್ಲವೂ ಗೇಣುದ್ದದ ಒಂದು ಮುಖ್ಯ ತೊಟ್ಟಿನ ತುದಿಗೆ ಕೂಡಿಕೊಂಡಿರುತ್ತವೆ.

ಇಲ್ಲಿ ಅನೇಕರು ಎಡವುತ್ತಾರೆ. ಹರಳು ಗಿಡದ ಎಲೆ, ಪರಂಗಿ ಎಲೆ, ಮರಗೆಣಸಿನ ಎಲೆ ಇವೂ ಕೈಯಂತೆಯೇ ಕಾಣುತ್ತವಲ್ಲ ಎಂದು ನೀವು ಕೇಳಬಹುದು. ಕಾಣುವುದು ನಿಜ, ಆದರೆ ಅವು ಒಂದೇ ಎಲೆ. ಎಲೆ ಎಷ್ಟೇ ಆಳವಾಗಿ ಸೀಳಿದ್ದರೂ ನಡುವಿನಲ್ಲಿ ಹಸಿರು ಹಾಳೆ ಕೂಡಿಕೊಂಡೇ ಇರುತ್ತದೆ, ಬಾತುಕೋಳಿಯ ಪಾದದಂತೆ. ಬೂರುಗದಲ್ಲಿ ಹಾಗಲ್ಲ, ಒಂದು ಬೆರಳಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಒಣಗಿದಾಗ ಕಿರುಎಲೆಗಳು ಒಂದೊಂದಾಗಿ ಕಳಚಿ ಬೀಳಬಲ್ಲವು. ಇನ್ನೊಂದು ಪರೀಕ್ಷೆಯೂ ಇದೆ. ಯಾವುದೇ ಎಲೆಯ ತೊಟ್ಟು ರೆಂಬೆಗೆ ಸೇರುವ ಸಂದಿನಲ್ಲಿ ಒಂದು ಚಿಕ್ಕ ಮೊಗ್ಗು ಇರುತ್ತದೆ. ಬೂರುಗದ ಕಿರುಎಲೆಗಳ ಬುಡದಲ್ಲಿ ಹುಡುಕಿದರೆ ಅಂತಹ ಮೊಗ್ಗು ಸಿಗದು, ಮುಖ್ಯ ತೊಟ್ಟಿನ ಬುಡದಲ್ಲಿ ಸಿಗುತ್ತದೆ. ಅಂದ ಮೇಲೆ ಐದೂ ಏಳೂ ಸೇರಿ ಒಂದೇ ಎಲೆ ಎಂದಾಯಿತು. ಹಾಲೆ ಮರವನ್ನು, ಅಂದರೆ ಸಪ್ತಪರ್ಣಿಯನ್ನು, ನೋಡಿ ಇದೂ ಹಸ್ತಾಕಾರದ್ದೇ ಎನ್ನುವವರಿದ್ದಾರೆ. ಅಲ್ಲಿ ರೆಂಬೆಯ ಗೆಣ್ಣಿನ ಸುತ್ತ ಏಳು ಬಿಡಿ ಎಲೆಗಳು ಚಕ್ರದಂತೆ ನಿಂತಿರುತ್ತವೆ, ಕಿತ್ತರೆ ಹಾಲು ಬರುತ್ತದೆ. ಅದು ಸಂಯುಕ್ತ ಎಲೆಯಲ್ಲ. ಹೊಂಗೆ, ಬೇವುಗಳದು ಸಂಯುಕ್ತ ಎಲೆಯೇ ಆದರೂ ಹಕ್ಕಿಯ ಗರಿಯಂತೆ ನಡುಕಡ್ಡಿಯ ಎರಡೂ ಬದಿಗೆ ಜೋಡಿಸಿದ್ದು. ನಿಮ್ಮ ಬೇಲಿಯಲ್ಲಿಯೇ ಇರುವ ಲಕ್ಕಿ ಗಿಡದ ಎಲೆ ಮಾತ್ರ ಬೂರುಗದ ಹಾಗೆಯೇ ಹಸ್ತಾಕಾರದ ಸಂಯುಕ್ತ ಎಲೆ, ಗಾತ್ರದಲ್ಲಿ ಚಿಕ್ಕದು ಅಷ್ಟೆ. ಮಕ್ಕಳಿಗೆ ಹೇಳಿಕೊಡಬೇಕಾದರೆ ಹರಳೆಲೆ, ಲಕ್ಕಿ ಎಲೆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಸಾಕು, ಜನ್ಮದಲ್ಲಿ ಮರೆಯುವುದಿಲ್ಲ.

ಇಷ್ಟೆಲ್ಲ ಏಕೆಂದರೆ ನಮ್ಮಲ್ಲಿ 'ಬೂರುಗ' ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಮರಗಳು ಓಡಾಡುತ್ತಿವೆ. ಮೊದಲನೆಯದು ಕೆಂಪು ಬೂರುಗ, ಮುಳ್ಳು ಬೂರುಗ ಎಂದೂ ಕರೆಯುತ್ತಾರೆ. ಸಂಸ್ಕೃತದ ಶಾಲ್ಮಲಿ ಇದೇ. ಶಾಸ್ತ್ರೀಯ ಹೆಸರು ಬಾಂಬ್ಯಾಕ್ಸ್ ಸೀಬಾ. ಎರಡನೆಯದು ಬಿಳಿ ಬೂರುಗ, ಸೀಬಾ ಪೆಂಟಾಂಡ್ರ. ಹೊರದೇಶಗಳಲ್ಲಿ ಕೆಪಾಕ್ ಎಂದು ಹೆಸರಾದದ್ದು. ಇದರ ಎಲೆಯೂ ಹಸ್ತಾಕಾರದ ಸಂಯುಕ್ತ ಎಲೆಯೇ, ಆದರೆ ಕಿರುಎಲೆಗಳು 5ರಿಂದ 9, ಚಿಕ್ಕವು, ಕಿರಿದು, ಅವುಗಳ ಸ್ವಂತ ತೊಟ್ಟು ಬಹಳ ಮೋಟು. ಎಳೆಯ ಕಾಂಡ ಹಸಿರು. ಹೂವು ಮಾಸಲು ಬಿಳಿ, ಸಣ್ಣದು, ಗೊಂಚಲಾಗಿ ಬಿಡುತ್ತದೆ. ಮೂರನೆಯದು ಅರಿಸಿನ ಬೂರುಗ. ಒಣ ಕಲ್ಲುಗುಡ್ಡಗಳ ಸಣ್ಣ ಮರ, ಹೊಳೆಯುವ ಹಳದಿ ಹೂವು, ಕಾಯಿಯೊಳಗೆ ಅರಳೆ. ಹೂವು ಕಾಯಿ ನೋಡಿ ಬೂರುಗವೆಂದರೂ ಎಲೆ ನೋಡಿದ ಕೂಡಲೇ ಗುಟ್ಟು ಬಯಲಾಗುತ್ತದೆ. ಅದು ಹರಳೆಲೆಯಂತೆ ಸೀಳಿದ ಒಂದೇ ಎಲೆ. ಹೀಗೆ ಬೇರೆ ಕುಟುಂಬಕ್ಕೆ ಸೇರಿದ ಮರ ನಮ್ಮ ಬಾಯಲ್ಲಿ ಬೂರುಗದ ತಮ್ಮನಾಗಿದೆ.

ಹೆಸರಿನ ಈ ಗೊಂದಲ ರೈತರಿಗೆ ಮಾತ್ರ ಸೀಮಿತವೆಂದು ಭಾವಿಸಬೇಡಿ. ಮಲಬಾರಿನ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದ ಹಾರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ನಮ್ಮ ಮುಳ್ಳು ಬೂರುಗದ ಚಿತ್ರವಿದೆ. 1753ರಲ್ಲಿ ಲಿನೇಯಸ್ ಹೆಸರಿಟ್ಟ. ಮುಂದೆ ಸೀಬಾ ಎಂಬ ಅದೇ ಪದ ಕೆಂಪು ಬೂರುಗಕ್ಕೆ ಜಾತಿಯ ಹೆಸರಾಗಿ ಉಳಿದು, ಬಿಳಿ ಬೂರುಗಕ್ಕೆ ಕುಲದ ಹೆಸರಾಯಿತು. ಗೊಂದಲಕ್ಕೆ ಇನ್ನೇನು ಬೇಕು? ಹಳೆಯ ಕೃಷಿ ಮತ್ತು ಅರಣ್ಯ ಪುಸ್ತಕಗಳಲ್ಲಿ ಇದೇ ಮರ ಸಾಲ್ಮೇಲಿಯ ಮಲಬಾರಿಕ ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಅದು ನಮ್ಮ ಶಾಲ್ಮಲಿಯೇ ಲ್ಯಾಟಿನ್ ವೇಷ ತೊಟ್ಟದ್ದು. ಇದರಲ್ಲಿ ಹಾಸನದವರು ಹೆಮ್ಮೆಪಡಬೇಕಾದ ಒಂದು ವಿಷಯವುಂಟು. ಬೆಂಗಳೂರಿನ ಸಿಸಿಲ್ ಸಾಲ್ಡಾನ ಮತ್ತು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್ ಇಬ್ಬರೂ ಸೇರಿ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬೃಹದ್ಗ್ರಂಥ 1976ರಲ್ಲಿ ಪ್ರಕಟವಾಯಿತು. ಒಂದೇ ಜಿಲ್ಲೆಯ ಸಸ್ಯಗಳನ್ನು ಇಷ್ಟು ವಿವರವಾಗಿ ವರ್ಣಿಸಿದ ಗ್ರಂಥಗಳು ನಮ್ಮ ದೇಶದಲ್ಲಿ ಕಡಿಮೆ. ಅದೇ ನಿಕೋಲ್ಸನ್ 1979ರಲ್ಲಿ ಬಾಂಬ್ಯಾಕ್ಸ್, ಸೀಬಾ ಮತ್ತು ಅರಿಸಿನ ಬೂರುಗದ ಕುಲ ಈ ಮೂರರ ಹೆಸರುಗಳ ಗೊಂದಲವನ್ನೇ ಹಿಡಿದು ಒಂದು ಪ್ರತ್ಯೇಕ ಲೇಖನ ಬರೆದರು. ನಮ್ಮ ಹಳ್ಳಿಯ ಮೂರು ಬೂರುಗಗಳ ತಕರಾರು ವಿದ್ವಾಂಸರ ಪತ್ರಿಕೆಯವರೆಗೂ ಹೋಗಿ ಬಂದಿದೆ ಎಂದಾಯಿತು. ಆದರೆ ಅಂತಹ ಗ್ರಂಥದಲ್ಲಿರುವ ತಿಳಿವಳಿಕೆ ಆ ಜಿಲ್ಲೆಯ ರೈತನ ಬದುವಿನವರೆಗೆ ಬಂದಿಲ್ಲ. ಇದು ನಮ್ಮಂತಹ ವಿಸ್ತರಣಾ ಕೆಲಸದವರೆಲ್ಲರ ಮೇಲಿರುವ ಬಾಕಿ ಎಂದೇ ನಾನು ಹೇಳುತ್ತೇನೆ.

ಇನ್ನು ಮರದ ಉಳಿದ ಲಕ್ಷಣಗಳು. ಕೆಂಪು ಬೂರುಗ ಎತ್ತರದ ಮರ. ಒಳ್ಳೆಯ ಮಣ್ಣಿನಲ್ಲಿ 30 ಮೀಟರನ್ನೂ ದಾಟುತ್ತದೆ. ಕಾಂಡ ನೇರ, ರೆಂಬೆಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಒಂದೇ ಮಟ್ಟದಲ್ಲಿ ಅಡ್ಡಲಾಗಿ ಹೊರಟು, ಮೇಲೆ ಮತ್ತೊಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು ಹೀಗೆ ಅಂತಸ್ತುಗಳಾಗಿ ನಿಲ್ಲುತ್ತವೆ. ಹಳೆಯ ಮರದ ಬುಡದಲ್ಲಿ ಹಲಗೆಗಳನ್ನು ಆನಿಸಿಟ್ಟಂತೆ ಬೇರುಗಳು ಚಾಚಿಕೊಂಡಿರುತ್ತವೆ. ಮುಳ್ಳುಗಳು ಎಳೆಯ ಮರದಲ್ಲಿ ಹೆಚ್ಚು, ಗೋಪುರದಾಕಾರದವು. ಅವು ಮರದ ತಿರುಳಿನಿಂದ ಬಂದವಲ್ಲ, ತೊಗಟೆಯ ಮೇಲೆ ಬೆಳೆದವು. ಪಕ್ಕದಿಂದ ಹೆಬ್ಬೆರಳಿನಲ್ಲಿ ಒತ್ತಿದರೆ ಚಿಟ್ಟನೆ ಕಿತ್ತು ಬರುತ್ತವೆ. ದನಕರು ಮೈ ಉಜ್ಜದಂತೆ ಎಳೆಯ ವಯಸ್ಸಿನಲ್ಲಿ ಕಾಯುವ ಈ ಕವಚ ಮರ ಮುದಿಯಾದಂತೆ ಬಹುಪಾಲು ಉದುರಿ ಹೋಗುತ್ತದೆ. ಮುಳ್ಳಿಲ್ಲವೆಂದು ಹಳೆಯ ಕೆಂಪು ಬೂರುಗವನ್ನು ಬಿಳಿ ಬೂರುಗವೆನ್ನುವವರಿಗೆ ಇದು ತಿಳಿದಿರಬೇಕು.

ಡಿಸೆಂಬರ್ ವೇಳೆಗೆ ಎಲೆ ಉದುರಲು ಮೊದಲಾಗಿ, ಜನವರಿಯಿಂದ ಮಾರ್ಚಿಯವರೆಗೆ ಬೋಳು ಮರದ ತುಂಬ ಕೆಂಪು ಹೂವು ಬರುತ್ತದೆ. ದಳ ಐದು, ಅಂಗೈಯಗಲ ಹರಡುವಷ್ಟು ದೊಡ್ಡವು, ಮಾಂಸಲವಾದವು. ಒಳಗೆ ಕಟ್ಟುಕಟ್ಟಾಗಿ 60ಕ್ಕೂ ಮೀರಿದ ಕೇಸರಗಳು. ಬುಡದಲ್ಲಿ ಬಟ್ಟಲಿನಂತಹ ದಪ್ಪ ಪುಷ್ಪಪಾತ್ರೆ, ಅದರಲ್ಲಿ ಮಕರಂದ. ಏಪ್ರಿಲ್ ಮೇ ತಿಂಗಳಲ್ಲಿ ಕಾಯಿ ಒಣಗಿ ಐದು ಹೋಳಾಗಿ ಬಿರಿದು, ಅರಳೆಯೊಂದಿಗೆ ಬೀಜ ಗಾಳಿಗೇರುತ್ತದೆ. ಹಿಂದಿನವರು ಇದನ್ನು ಪ್ರತ್ಯೇಕ ಕುಟುಂಬವೆಂದು ಎಣಿಸುತ್ತಿದ್ದರು. ಈಗ ಹತ್ತಿ, ಬೆಂಡೆ, ದಾಸವಾಳಗಳ ಕುಟುಂಬದಲ್ಲಿಯೇ ಸೇರಿಸಿದ್ದಾರೆ. ಈ ನೆಂಟಸ್ತಿಕೆಯ ಒಂದು ಕೆಟ್ಟ ಫಲವನ್ನು ಮುಂದೆ ಹೇಳುತ್ತೇನೆ.

ಹೂವಿನ ಕಾಲವನ್ನು ಗಮನಿಸಿ. ಹೊಲದಲ್ಲಿ ರಾಗಿ ಕೊಯ್ಲಾಗಿ, ಬದುವಿನ ಕಳೆ ಹೂವುಗಳೂ ಒಣಗಿ, ಹೊಂಗೆ ಇನ್ನೂ ಹೂ ಬಿಡದ ಸಮಯ ಅದು. ಆಗ ಜೇನ್ನೊಣಗಳಿಗೆ ಸಿಗುವ ದೊಡ್ಡ ಮೇವೆಂದರೆ ಬೂರುಗ. ಗೊರವಂಕ, ಕಾಜಾಣ, ಪಿಕಳಾರ, ಸೂರಕ್ಕಿಗಳು ಬೆಳಗಿನಿಂದ ಮುತ್ತಿಕೊಂಡಿರುತ್ತವೆ, ರಾತ್ರಿ ಬಾವಲಿಗಳ ಸರದಿ. ಗೊರವಂಕವೂ ಕಾಜಾಣವೂ ನಿಮ್ಮ ಹೊಲದ ಹುಳು ಹಿಡಿಯುವ ಹಕ್ಕಿಗಳೇ ತಾನೆ? ಎತ್ತರದ ಅಡ್ಡ ರೆಂಬೆಗಳ ಅಡಿಗೆ ಹೆಜ್ಜೇನು ತಟ್ಟಿ ಕಟ್ಟುವುದೂ ಈ ಮರಕ್ಕೆ ಹೆಚ್ಚು. ಚನ್ನರಾಯಪಟ್ಟಣದ ತೆಂಗಿನ ಹೊಂಬಾಳೆಗೂ, ಹೊಳೆದಂಡೆಯ ಕುಂಬಳ ಸೌತೆಗಳಿಗೂ ಜೇನಿನ ಸಂಚಾರ ಬೇಕು. ಬೆಳೆ ಹೂ ಬಿಟ್ಟಾಗ ಮಾತ್ರ ಜೇನು ಬರಬೇಕು, ಉಳಿದ ಕಾಲ ಅದು ಏನು ತಿಂದು ಬದುಕಿತೆಂದು ನಮಗೆ ಬೇಡ ಎಂದರೆ ನ್ಯಾಯವಾಗಲಿಲ್ಲ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬೆಳೆಸಿದ ಜೈವಿಕ ಇಂಧನ ಉದ್ಯಾನದಿಂದಾಗಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳಿಗೆ ಬದುವಿನಲ್ಲಿ ಒಂದು ಗೌರವ ಬಂದಿದೆ. ಸಂತೋಷದ ವಿಷಯ. ಎಣ್ಣೆ ಕೊಡುವ ಮರದ ಪಕ್ಕದಲ್ಲಿ ಮಕರಂದ ಕೊಡುವ ಮರಕ್ಕೂ ಒಂದು ಎಡೆ ಇರಲಿ ಎಂಬುದಷ್ಟೆ ನನ್ನ ಕೋರಿಕೆ.

ಮನೆವಾರ್ತೆಗೆ ಸಂಬಂಧಿಸಿದ ಒಂದು ಮಾತನ್ನು ನಮ್ಮ ರೈತ ಮಹಿಳೆಯರು ಕೇಳಬೇಕು. ಬಿಸಿಬೇಳೆ ಭಾತಿನ ಪುಡಿಗೆ ಅಂಗಡಿಯಿಂದ ಮರಾಠಿ ಮೊಗ್ಗು ತರುತ್ತೀರಲ್ಲವೆ? ಲವಂಗದ ಅಣ್ಣನಂತೆ ಕಾಣುವ ಆ ಮೊಗ್ಗು ಬೇರೆಲ್ಲಿಯದೂ ಅಲ್ಲ, ಬೂರುಗದ ಜಾತಿಯ ಮರಗಳ ಒಣಗಿದ ಮೊಗ್ಗು, ಎಳೆಗಾಯಿ. ಬದುವಿನ ಮರ ನಿಷ್ಪ್ರಯೋಜಕವೆಂದು ಕಡಿದು, ಅದರ ಮೊಗ್ಗನ್ನು ತೂಕಕ್ಕೆ ದುಡ್ಡು ಕೊಟ್ಟು ತರುವುದನ್ನು ಏನೆನ್ನೋಣ! ಹಾಗೆಂದು ಹಳದಿ ಹೂವಿನ ಮರಕ್ಕೆ ಏಣಿ ಹಾಕಬೇಡಿ. ಎಲೆಯ ಗುರುತು ಇಲ್ಲಿಯೂ ಬೇಕು. ಇದರ ಅಂಟು ಮೋಚರಸವೆಂಬ ಹೆಸರಿನಲ್ಲಿ ಆಯುರ್ವೇದದ ಗಂದಿಗೆ ಅಂಗಡಿ ಸೇರುತ್ತದೆ. ಅದು ಹುಳು ಕೊರೆದ ಇಲ್ಲವೆ ಕೊಳೆತ ಭಾಗದಿಂದ ತಾನಾಗಿ ಒಸರುವುದು. ಅದಕ್ಕಾಗಿ ಒಳ್ಳೆಯ ಮರದ ತೊಗಟೆ ಕೆತ್ತುವುದು ದಡ್ಡತನ.

ಅರಳೆಯ ವಿಷಯದಲ್ಲಿ ಹೆಚ್ಚು ಆಸೆ ತೋರಿಸಲು ನನಗೆ ಇಷ್ಟವಿಲ್ಲ. ಬೂರುಗದ ಎಳೆ ಮೋಟು, ನುಣುಪು. ಹತ್ತಿಯಂತೆ ನೂಲಾಗುವುದಿಲ್ಲ. ಆದರೆ ಒಳಗೆ ಟೊಳ್ಳು ಇರುವುದರಿಂದ ಗಾಳಿ ತುಂಬಿಕೊಂಡು ಹಗುರವಾಗಿರುತ್ತದೆ, ನೀರು ಹೀರುವುದಿಲ್ಲ. ಎರಡನೇ ಮಹಾಯುದ್ಧದ ಕಾಲದವರೆಗೂ ಹಡಗಿನವರು ನೀರಿನಲ್ಲಿ ತೇಲಲು ತೊಡುತ್ತಿದ್ದ ಕವಚಗಳಲ್ಲಿ ತುಂಬುತ್ತಿದ್ದುದು ಬಿಳಿ ಬೂರುಗದ ಅರಳೆಯನ್ನೇ. ಪೇಟೆ ಸಿಗುವವರೆಗೆ ಮನೆಯ ದಿಂಬಿಗಾದರೂ ಬಳಸಿಕೊಳ್ಳಬಹುದು. ಕಾಯಿ ಕಂದುಬಣ್ಣಕ್ಕೆ ತಿರುಗಿ ಇನ್ನೇನು ಬಿರಿಯಬೇಕು ಎನ್ನುವಾಗ ಕೊಯ್ದು, ಹಳೆಯ ಸೀರೆ ಇಲ್ಲವೆ ಬಲೆ ಮುಚ್ಚಿ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದರೆ ಬೀಜ ಕೆಳಗೆ ನಿಲ್ಲುತ್ತದೆ.

ಹೀಗೆ ಕಾಯಿ ಕೊಯ್ಯುವುದರಿಂದ ಇನ್ನೊಂದು ಉಪಕಾರವಿದೆ. ಮೇಲೆ ಹೇಳಿದ ಕೆಟ್ಟ ನೆಂಟಸ್ತಿಕೆಯ ವಿಚಾರವೇ ಇದು. ಹತ್ತಿ, ಬೆಂಡೆಗಳ ರಸ ಹೀರುವ ಕೆಂಪು ತಿಗಣೆಗೆ ಬೂರುಗದ ಬೀಜವೂ ಆಹಾರ. ಬೇಸಿಗೆಯಲ್ಲಿ ಮರದ ಬುಡದಲ್ಲಿ ಬಿದ್ದ ಬೀಜಕ್ಕೆ ಇವು ರಾಶಿರಾಶಿಯಾಗಿ ಮುತ್ತಿರುವುದನ್ನು ನೀವು ನೋಡಿರಬಹುದು. ಬೆಂಡೆ ಬೆಳೆಯುವವರು ಮರ ಕಡಿಯುವ ಬದಲು ಬಿದ್ದ ಕಾಯಿ ಬೀಜಗಳನ್ನು ಗುಡಿಸಿ ತೆಗೆದರೆ, ಅಲ್ಲಿಯೇ ಗುಂಪುಗೂಡಿದ ತಿಗಣೆಗಳನ್ನು ಸೋಪಿನ ನೀರಿಗೆ ಹಾಕಿದರೆ ಹಾವಳಿ ಬಹಳಷ್ಟು ತಗ್ಗುತ್ತದೆ.

ಮರದ ಬೇರೆ ದೋಷಗಳನ್ನೂ ಮುಚ್ಚಿಡುವುದು ಸರಿಯಲ್ಲ. ರೆಂಬೆ ಪೆಡಸು, ಗಾಳಿಗೆ ಮುರಿದು ಬೀಳುತ್ತದೆ. ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳ ಹತ್ತಿರ ಇದು ಸಲ್ಲದು. ಬೇರು ಅಗಲಕ್ಕೆ ಹರಡುತ್ತದೆ, ಮುಂಗಾರಿನಲ್ಲಿ ಎಲೆ ತುಂಬಿದಾಗ ನೆರಳು ಬೀಳುತ್ತದೆ. ಆದ್ದರಿಂದ ಆಲೂಗೆಡ್ಡೆಯ ತಾಕಿನ ಪೂರ್ವಕ್ಕೋ ನಡುವಿಗೋ ಇದನ್ನು ಹಚ್ಚಿಕೊಂಡು ಆಮೇಲೆ ಬೈಯುವುದರಲ್ಲಿ ಅರ್ಥವಿಲ್ಲ. ತೆಂಗಿನ ತೋಟದ ಒಳಗೂ ಬೇಡ. ಹೆಜ್ಜೇನು ಕಟ್ಟುವ ಮರವಾದ್ದರಿಂದ ದನ ಕಟ್ಟುವ ಕಡೆ, ಶಾಲೆಯ ಬಯಲಿನ ಕಡೆ ಬೇಡವೇ ಬೇಡ. ಎಕರೆಗಟ್ಟಲೆ ಬೂರುಗದ ತೋಪು ಹಾಕಿ ಎಂದು ನಾನು ಯಾರಿಗೂ ಹೇಳುತ್ತಿಲ್ಲ. ಒಂದು ಹಿಡುವಳಿಗೆ ಒಂದೋ ಎರಡೋ ಮರ, ಅದೂ ತಕ್ಕ ಸ್ಥಳದಲ್ಲಿ.

ತಕ್ಕ ಸ್ಥಳ ಯಾವುದು? ಆಳವಾದ, ನೀರು ಬಸಿದು ಹೋಗುವ ಮಣ್ಣು. ನೀರು ನಿಲ್ಲುವ ಕಡೆ ಇದು ಏಳುವುದಿಲ್ಲ. ಕಾವೇರಿ ಹರಿಯುವ ಅರಕಲಗೂಡು ತಾಲ್ಲೂಕಿನಲ್ಲಿ, ಹೇಮಾವತಿಯ ಹೊಳೆನರಸೀಪುರದಲ್ಲಿ ಹೊಳೆಗೂ ಹಳ್ಳಕ್ಕೂ ಇಳಿಯುವ ಜಮೀನುಗಳ ಅಂಚು ಇದಕ್ಕೆ ಹೇಳಿ ಮಾಡಿಸಿದ್ದು. ಹಾಸನ ತಾಲ್ಲೂಕಿನ ಕೆಂಪು ಗೋಡು ಮಣ್ಣಿನಲ್ಲಿ ಹೊಲದ ಪಡುವಣ ಇಲ್ಲವೆ ಬಡಗಣ ಮೂಲೆ ಸಾಕು. ಮಳೆ ಕಡಿಮೆಯಾದ ಚನ್ನರಾಯಪಟ್ಟಣದಲ್ಲಿ ಬೆಳವಣಿಗೆ ನಿಧಾನವಾದೀತು. ಅಲ್ಲಿ ಹೊಸದು ನೆಡುವುದಕ್ಕಿಂತ ಇರುವ ಹಳೆಯ ಮರ ಉಳಿಸಿಕೊಳ್ಳುವುದು ಮೇಲು. ಕೆರೆ ಏರಿ, ಕಾಲುವೆ ಏರಿಗಳ ಮೇಲೆ ಮಾತ್ರ ಯಾವ ದೊಡ್ಡ ಮರವನ್ನೂ ನೆಡಬೇಡಿ. ಬೇರು ಕೊಳೆತ ಜಾಗದಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ಎಷ್ಟು ಹೇಳಿದರೂ ಕೆಲವರಿಗೆ ಹಣದ ಅಡಚಣೆ ಬಂದು ಮರ ಮಾರಲೇಬೇಕಾಗುತ್ತದೆ. ತಪ್ಪೇನಿಲ್ಲ. ಆದರೆ ಅಳತೆ ಮಾಡದೆ ಮಾರಬೇಡಿ. ಬೂರುಗದ ಮರಮುಟ್ಟು ಹಗುರ, ಒಣಗಿದಾಗ ಘನ ಮೀಟರಿಗೆ 350 ಕಿಲೋ ಆಸುಪಾಸು. ಬೆಂಕಿಕಡ್ಡಿ, ಪೆಟ್ಟಿಗೆ, ಪ್ಲೈವುಡ್ಡುಗಳಿಗೆ ಒದಗುತ್ತದೆ. ತೊಲೆ ಬಾಗಿಲಿಗೆ ಬಾರದು. ಕೊಳ್ಳುವವರು ಬುಡದ ಹಲಗೆ ಬೇರುಗಳನ್ನು ತೋರಿಸಿ ಟೊಳ್ಳು ಎಂದು ಬೆಲೆ ಇಳಿಸುವುದುಂಟು. ಬೇರಿನ ಹಲಗೆ ಮುಗಿದ ಮೇಲಿನ ನೇರ ಕಾಂಡವನ್ನಷ್ಟೇ ಲೆಕ್ಕ ಹಿಡಿಯಿರಿ. ಆ ಕಾಂಡದ ನಡುಮಧ್ಯದಲ್ಲಿ ಹಗ್ಗ ಸುತ್ತಿ ಸುತ್ತಳತೆ ತೆಗೆದು, ಅದರ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಬೇಕು. ಸುತ್ತಳತೆ 2 ಮೀಟರ್, ಉದ್ದ 6 ಮೀಟರ್ ಎಂದಿಟ್ಟುಕೊಳ್ಳಿ. ಕಾಲು ಭಾಗ ಅರ್ಧ ಮೀಟರ್. ಅರ್ಧವನ್ನು ಅರ್ಧದಿಂದ ಗುಣಿಸಿದರೆ 0.25. ಅದನ್ನು 6ರಿಂದ ಗುಣಿಸಿದರೆ 1.5 ಘನ ಮೀಟರ್, ಅಂದರೆ ಸುಮಾರು 53 ಘನ ಅಡಿ. ವ್ಯಾಪಾರದಲ್ಲಿ ನಡೆಯುವ ಲೆಕ್ಕ ಇದು. ನಿಜವಾದ ಗಾತ್ರ ಇದಕ್ಕಿಂತ ಹೆಚ್ಚು, 1.9 ಘನ ಮೀಟರ್ ಆಗುತ್ತದೆ. ಲೆಕ್ಕದ ಕ್ರಮದಲ್ಲಿಯೇ ಕೊಳ್ಳುವವರಿಗೆ ಐದರಲ್ಲೊಂದು ಪಾಲು ಬಿಟ್ಟಿ ಹೋಗಿದೆ. ಅದರ ಮೇಲೆ ಮತ್ತೆ ಚೌಕಾಸಿಗೆ ಇಳಿದರೆ ಈ ಲೆಕ್ಕ ತೋರಿಸಿ. ಕಡಿದ ಮೇಲೆ ದಿಮ್ಮಿಯನ್ನು ಹೊಲದಲ್ಲಿ ಬಿಟ್ಟರೆ ಕೆಲವೇ ವಾರಗಳಲ್ಲಿ ಹುಳುವೂ ಕಪ್ಪು ಬೂಷ್ಟೂ ಹಿಡಿಯುತ್ತವೆ, ಆಗ ಬೆಲೆ ನಿಮ್ಮ ಕೈಯಲ್ಲಿ ಉಳಿಯದು. ಹಣ ಕೈಗೆ ಬಂದು ಲಾರಿ ಗೊತ್ತಾಗುವವರೆಗೆ ಕೊಡಲಿ ಹಾಕಿಸಬಾರದು. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ 1976ರಿಂದಲೂ ಇದೆ ಎಂಬುದನ್ನು ನೆನಪಿಡಿ. ಸ್ವಂತ ಜಮೀನಿನ ಮರವೇ ಆದರೂ ಕಡಿಯುವ ಮುನ್ನ ನಿಮ್ಮ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿ ಅನುಮತಿಯ ಕಾಗದ ಮಾಡಿಸಿಕೊಳ್ಳಿ. ರಸ್ತೆಬದಿ, ಗುಂಡುತೋಪು, ಕೆರೆ ಅಂಗಳದ ಮರ ನಿಮ್ಮ ಹೊಲಕ್ಕೆ ಬಾಗಿದ ಮಾತ್ರಕ್ಕೆ ನಿಮ್ಮದಾಗುವುದಿಲ್ಲ.

ಒಂದು ಮರ ಹೋದ ಕಡೆ ಇನ್ನೊಂದನ್ನು ಎಬ್ಬಿಸುವುದು ಕಷ್ಟವಲ್ಲ. ಮೇ ತಿಂಗಳಲ್ಲಿ ಬಿರಿದ ಕಾಯಿಯ ಹೊಸ ಬೀಜವನ್ನು ಅರಳೆಯಿಂದ ಬಿಡಿಸಿ, ಆ ಹಂಗಾಮಿನಲ್ಲಿಯೇ ಬಿತ್ತಬೇಕು. ಬೀಜ ಹಳತಾದಂತೆ ಮೊಳಕೆಯ ಶಕ್ತಿ ಕುಗ್ಗುತ್ತದೆ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಪಾಲಿಥೀನ್ ಚೀಲಕ್ಕೆ ಎರಡೆರಡು ಬೀಜ ಹಾಕಿ ತೆಳುವಾಗಿ ಮಣ್ಣು ಮುಚ್ಚಿರಿ. ಎರಡು ಮೂರು ವಾರದಲ್ಲಿ ಮೊಳೆಯುತ್ತದೆ. ಮೊದಲು ಬರುವ ಎಲೆಗಳನ್ನು ನೋಡಿ ಗಾಬರಿಯಾಗಬೇಡಿ, ಹಸ್ತಾಕಾರ ಕಾಣಿಸಿಕೊಳ್ಳಲು ಸ್ವಲ್ಪ ದಿನ ಬೇಕು. ನೆರಳಿನಲ್ಲಿ ಇಟ್ಟರೆ ಸಸಿ ಸೊರಗುತ್ತದೆ, ಬಿಸಿಲಿನಲ್ಲಿಯೇ ಬೆಳೆಸಿ. ಕುಡಿಯೊಳಗೆ ಕೊರಕ ಹುಳು ಸೇರಿ ತುದಿ ಬಾಡಿದರೆ ಬಾಡಿದ ಭಾಗವನ್ನು ಹುಳುವಿನ ಸಮೇತ ಕತ್ತರಿಸಿ ಸುಟ್ಟುಬಿಡಿ, ಕೆಳಗಿನಿಂದ ಹೊಸ ಕುಡಿ ಬರುತ್ತದೆ. ಮರುವರ್ಷದ ಮುಂಗಾರು ಹಿಡಿದಾಗ ಒಂದೂವರೆ ಅಡಿ ಗುಣಿ ತೆಗೆದು ನೆಟ್ಟು, ಬೇರೆ ಮರಗಳಿಂದ 30 ಅಡಿಯಾದರೂ ದೂರವಿಡಿ. ಮುಳ್ಳು ಬಲಿಯುವವರೆಗೆ ಎರಡು ವರ್ಷ ಆಡುಗಳಿಂದ ಕಾಯಲು ಸುತ್ತ ಜಾಲಿ ಮುಳ್ಳು ಕಟ್ಟಿರಿ, ಆಮೇಲೆ ಅದು ತನ್ನನ್ನು ತಾನೇ ನೋಡಿಕೊಳ್ಳುತ್ತದೆ.